ಅಕ್ಕೋರ ಪಾತಾಳಗರಡಿ

ಕೆಲವು ವಾರಗಳಿಂದ ನನ್ನ ಸ್ಕೂಟರ್ ನನ್ನ ಮನೆಯಲ್ಲಿಲ್ಲ. ಪುಣೆಯ ಕೋಥರೂಡದಲ್ಲೇ, ನಮ್ಮ ಗಲ್ಲಿಯಿಂದ ಎರಡು ಗಲ್ಲಿ ಆಚೆ, ಒಂದು ಸೊಸೈಟಿಯ ಪಾರ್ಕಿಂಗಿನಲ್ಲಿ ನಿಂತು ಧೂಳು ತಿನ್ನುತ್ತಿದೆ. ಅದರ ಕೀಲಿ ಆ ಸೊಸೈಟಿಯ ಎರಡನೇ ಮಹಡಿಯ ಅಡುಗೆಮನೆಯಲ್ಲಿ, ಉಪ್ಪಿನ ಡಬ್ಬಿಯ ಪಕ್ಕದ ಮೊಳೆಗೆ ತೂಗುಬಿದ್ದಿದೆ. ನಾನು ದಿನಾ ಸಿಟಿ ಬಸ್ಸು ಹಿಡಿದು ಆಫೀಸಿಗೆ ಹೋಗುತ್ತೇನೆ. ಕೀಲಿ ಇಟ್ಟುಕೊಂಡವರು ನಮ್ಮ ಆಫೀಸಿನಿಂದ ಈಚೆಗೆ ನಿವೃತ್ತರಾದ ಒಬ್ಬ ಹೆಂಗಸು. ಬಸ್ಸಿನಲ್ಲಿ ನಿಂತು ಜೋಲಿ ಹೊಡೆಯುವಾಗ ಅವರ ಮೇಲೆ ಸಿಟ್ಟು ಬರುತ್ತದೆ. ಕೂರಲು ಸೀಟು ಸಿಕ್ಕ ಕೂಡಲೇ ಅವರ ಮಾತು ನೆನಪಾಗಿ ನಗು ಬರುತ್ತದೆ.

ಹೆಸರು ಬರೆಯಬಾರದು ಎಂಬುದು ಅವರದೇ ಅಪ್ಪಣೆ. ‘ಹೆಸರ ಹಾಕಿದ್ರ, ಇಷ್ಟ ವರ್ಷ ನಾ ಹೇಳಿದ್ದ ಸುಳ್ಳ ಎಲ್ಲಾ ಮಂದಿ ಕುಂತ ಲೆಕ್ಕಾ ಹಾಕ್ತಾರ’ ಎಂದರು. ಆದ್ದರಿಂದ ಆಫೀಸಿನಲ್ಲಿ ಕರೆಯುತ್ತಿದ್ದಂತೆ ಅಕ್ಕೋರು ಎಂದೇ ಬರೆಯುತ್ತೇನೆ. ನಮ್ಮ ಬಾಗಲಕೋಟೆ, ವಿಜಯಪುರದ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಹಾಗನ್ನುತ್ತಾರೆ. ಇವರು ಎಂಜಿನಿಯರು, ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಆದರೆ ಮೀಟಿಂಗಿಗೆ ತಡವಾಗಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ‘ಯಾಕ ತಡಾ ಆತು?’ ಎಂದು ಕೇಳುತ್ತಿದ್ದರು. ನಾನು ಸೇರಿದ ಮೊದಲ ವಾರವೇ ಬಾಗಿಲಲ್ಲಿ ನಿಂತವನು, ಹೆಸರಿಟ್ಟವನೂ ನಾನೇ. ಮರಾಠಿ ಸಹೋದ್ಯೋಗಿಗಳು ಅದನ್ನೇ ಹಿಡಿದುಕೊಂಡರು. ‘ಅಕ್ಕೋರೆ’ ಎನ್ನುವುದು ಅವರ ಮನೆತನದ ಹೆಸರೆಂದು ನಂಬಿದವರು ಈಗಲೂ ಇದ್ದಾರೆ.

ಕುಳ್ಳಗಿನ ಆಳು. ಕಾಟನ್ ಸೀರೆ, ಕಾಲಿಗೆ ಬಿಳಿ ಸ್ಪೋರ್ಟ್ಸ್ ಶೂ, ಕೈಗೆ ಗಂಡಸರ ದೊಡ್ಡ ಗಡಿಯಾರ. ನಕ್ಕರೆ ಕ್ಯಾಂಟೀನಿನ ಆ ಮೂಲೆಗೆ ಕೇಳಬೇಕು. ವಿನಯ ಎಂಬ ಗುಣ ಅವರ ಹತ್ತಿರ ಸುಳಿದದ್ದನ್ನು ನಾನು ಕಂಡಿಲ್ಲ. ತಾವು ಮಾಡಿದ ಒಳ್ಳೆಯ ಕೆಲಸವನ್ನು ಬೇರೆಯವರು ಹೊಗಳುವ ತನಕ ಕಾಯುವಷ್ಟು ತಾಳ್ಮೆ ಅವರಿಗಿರಲಿಲ್ಲ, ತಾವೇ ಮುಗಿಸಿಬಿಡುತ್ತಿದ್ದರು.

ಎಣ್ಣೆ ಬಾವಿಗಳ ಕೆಲಸ ನಮ್ಮದು ಎಂದರೆ, ಪುಣೆಯಲ್ಲಿ ಎಣ್ಣೆ ಎಲ್ಲಿದೆ ಎಂದು ಜನ ಕೇಳುತ್ತಾರೆ. ಪುಣೆಯಲ್ಲಿ ಎಣ್ಣೆ ಇಲ್ಲ, ಪರದೆಗಳಿವೆ. ದೂರದ ಯಾವುದೋ ಬಯಲಲ್ಲಿ ಕೊರೆದ ಬಾವಿಯೊಳಗೆ ನಡೆಯುವುದೆಲ್ಲ ಬಾಣೇರದ ನಮ್ಮ ಆಫೀಸಿನ ಗೋಡೆಯ ಮೇಲೆ ಗೆರೆಗಳಾಗಿ, ಅಂಕಿಗಳಾಗಿ ಕಾಣುತ್ತದೆ. ಬಾವಿ ಕೊರೆದ ಮೇಲೆ ಒಳಗಿನ ಕಲ್ಲಿನಲ್ಲಿ ಎಣ್ಣೆ ಇದೆಯೋ ಬರೀ ನೀರಿದೆಯೋ ನೋಡಬೇಕು. ಅದಕ್ಕಾಗಿ ಸಲಕರಣೆ ತುಂಬಿದ ಉದ್ದನೆಯ ಉಕ್ಕಿನ ಕೊಳವೆಯೊಂದನ್ನು ಕೇಬಲ್ಲಿಗೆ ಕಟ್ಟಿ ಕಿಲೋಮೀಟರುಗಟ್ಟಲೆ ಕೆಳಗೆ ಬಿಡುತ್ತಾರೆ. ನಾವು ಅದಕ್ಕೆ ಟೂಲ್ ಎನ್ನುತ್ತೇವೆ. ಟೂಲು ಕಲ್ಲಿನ ಗೋಡೆಗೆ ಬಾಯಿ ಹಚ್ಚಿ, ಒಳಗಿನ ದ್ರವ ಹೀರಿ, ಬಾಟಲಿಗಳಲ್ಲಿ ತುಂಬಿಕೊಂಡು ಮೇಲೆ ಬರಬೇಕು. ಹೀರುವುದಕ್ಕೆ ತಾಸುಗಟ್ಟಲೆ ಒಂದೇ ಕಡೆ ನಿಲ್ಲಬೇಕು. ಹಾಗೆ ನಿಂತಾಗಲೇ ಅದು ಸಿಕ್ಕಿಬೀಳುವ ಭಯ.

ಯಾಕೆ ಸಿಕ್ಕಿಬೀಳುತ್ತದೆ ಎಂದು ಹೊಸಬರಿಗೆ ನಾವು ಚಿತ್ರ ಬರೆದು, ಸೂತ್ರ ಬರೆದು ಹೇಳುತ್ತಿದ್ದೆವು. ಬಾವಿಯ ತುಂಬ ಭಾರದ ಕೆಸರು ತುಂಬಿರುತ್ತಾರೆ. ಅದು ಸಣ್ಣ ರಂಧ್ರಗಳ ಕಲ್ಲಿನೊಳಗೆ ನುಗ್ಗಲು ನೋಡುತ್ತಲೇ ಇರುತ್ತದೆ, ನಡುವೆ ಸಿಕ್ಕದ್ದನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಅಕ್ಕೋರು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: ‘ಬಚ್ಚಲ ತೂತಿನ ಮ್ಯಾಲೆ ವಸ್ತ್ರ ಬಿದ್ದ್ರ ನೀರು ಅದನ್ನ ಹೆಂಗ ಎಳದ ಹಿಡೀತದ? ಹಂಗ. ಸಿಟ್ಟಿಲೆ ಜಗ್ಗಿದ್ರ ಹರೀತದ.’ ಆಮೇಲೆ ಯಾರಿಗೂ ಚಿತ್ರ ಬೇಕಾಗುತ್ತಿರಲಿಲ್ಲ.

ಇದಕ್ಕೆ ಮದ್ದೂ ಅವರೇ ಹೇಳುತ್ತಿದ್ದರು. ಟೂಲು ಗೋಡೆಗೆ ಬಾಯಿ ಹಚ್ಚಿ ನಿಂತಿರಲಿ, ಆದರೆ ಮೇಲಿನ ಕೇಬಲ್ಲನ್ನು ಮಾತ್ರ ಸುಮ್ಮನೆ ಬಿಡಬಾರದು. ಸ್ವಲ್ಪ ಸಡಿಲ ಬಿಡಬೇಕು, ಸ್ವಲ್ಪ ಎಳೆಯಬೇಕು, ಮತ್ತೆ ಬಿಡಬೇಕು. ‘ಕೂಸು ಮಲಗ್ಯದ. ತೊಟ್ಟಿಲಾ ನಿಲ್ಲಿಸಬ್ಯಾಡ್ರಿ’ ಎಂದು ಬಾವಿಯ ಹತ್ತಿರ ಇದ್ದವರಿಗೆ ಫೋನಿನಲ್ಲಿ ಹಿಂದಿಯಲ್ಲಿ, ಮರಾಠಿಯಲ್ಲಿ, ತಮಗೆ ಬಾರದ ತೆಲುಗಿನಲ್ಲಿ ಕೂಡ ಹೇಳುತ್ತಿದ್ದರು. ಅವರ ಯಜಮಾನರು ಕುರಕುಂಭದ ಕೆಮಿಕಲ್ ಕಾರ್ಖಾನೆಯಲ್ಲಿದ್ದವರು. ‘ಅವರದು ಕೊಳವಿ ಕಟ್ಟತದ, ನಮ್ಮದು ಬಾವಿ ಹಿಡೀತದ. ಮನ್ಯಾಗ ಇಬ್ಬರೂ ಕೂಡಿದ್ರ ಸಿಕ್ಕಿಬಿದ್ದದ್ದರದ ಮಾತು’ ಎಂದು ನಗುತ್ತಿದ್ದರು.

ಅವರ ಟೇಬಲ್ಲಿನ ಹಿಂದಿನ ಗೋಡೆಗೆ ಒಂದು ಪಾತಾಳಗರಡಿ ತೂಗುಹಾಕಿತ್ತು. ಬಾವಿಗೆ ಬಿದ್ದ ಕೊಡ ತೆಗೆಯುವುದಕ್ಕೆ ಹಗ್ಗ ಕಟ್ಟಿ ಇಳಿಸುವ, ಸುತ್ತ ಕೊಕ್ಕೆಗಳಿರುವ ಕಬ್ಬಿಣದ ಗೊಂಚಲು ಅದು. ಊರ ಮನೆಯಿಂದ ಬಸ್ಸಿನಲ್ಲಿ ತಂದದ್ದು. ಆಫೀಸಿನ ಗೇಟಿನಲ್ಲಿ ವಾಚಮನ್ ತಡೆದು ‘ಹೇ ಕಾಯ ಆಹೇ, ಮ್ಯಾಡಮ್?’ ಎಂದು, ಇದೇನೆಂದು ಕೇಳಿದನಂತೆ. ‘ನಮ್ಮ ಧಂದಾದ ದೇವರು’ ಎಂದು ಹೇಳಿ ಒಳಗೆ ಬಂದರಂತೆ. ಕ್ಯಾಂಟೀನಿನ ಹೆಂಗಸು ಅದನ್ನು ಬಾಳೆಹಣ್ಣು ತೂಗುಹಾಕುವ ಸಾಮಾನು ಎಂದುಕೊಂಡಿದ್ದಳು. ಅಕ್ಕೋರು ಎಷ್ಟೋ ದಿನ ಅದಕ್ಕೆ ಬಾಳೆಹಣ್ಣೂ ತೂಗುಹಾಕಿದ್ದರು.

ಅವರ ದೊಡ್ಡ ಜಂಬ ಈ ಗರಡಿಗೆ ಸಂಬಂಧಿಸಿದ್ದು. ‘ನನ್ನ ಬಾವ್ಯಾಗ ಗರಡಿ ಇಳಿದಿಲ್ಲ’ ಎನ್ನುತ್ತಿದ್ದರು. ಅಂದರೆ, ಅವರು ಯೋಜನೆ ಹಾಕಿಕೊಟ್ಟ ಬಾವಿಗಳಲ್ಲಿ ಟೂಲು ಸಿಕ್ಕಿಬಿದ್ದು, ಅದನ್ನು ಹಿಡಿದು ತೆಗೆಯುವ ಸಾಮಾನು ಇಳಿಸುವ ಪ್ರಸಂಗ ಒಮ್ಮೆಯೂ ಬಂದಿಲ್ಲ. ಹೊಸಬರಿಗೆ ಮೊದಲ ದಿನ ಹೇಳುತ್ತಿದ್ದರು, ಗಿರಾಕಿಗಳಿಗೆ ಹೇಳುತ್ತಿದ್ದರು, ಲಿಫ್ಟಿನಲ್ಲಿ ಸಿಕ್ಕ ಬೇರೆ ಕಂಪನಿಯವರಿಗೂ ಹೇಳುತ್ತಿದ್ದರು. ಅವರು ಬಾಯಿ ತೆರೆಯುವ ಮೊದಲೇ ನಾವು ತುಟಿ ಆಡಿಸಿ ಅಣಕಿಸುತ್ತಿದ್ದೆವು. ಮಜಾ ಎಂದರೆ, ಅವರ ಪ್ರತಿಯೊಂದು ಯೋಜನೆಯಲ್ಲೂ ಮೊದಲ ಶರತ್ತು ಅದೇ ಇರುತ್ತಿತ್ತು: ಹಿಡಿದು ತೆಗೆಯುವ ಸಾಮಾನು ಅಳತೆ ನೋಡಿ ರಿಗ್ಗಿಗೆ, ಅಂದರೆ ಬಾವಿ ಕೊರೆಯುವ ಜಾಗಕ್ಕೆ, ಬಂದು ಬೀಳುವ ತನಕ ಟೂಲು ಇಳಿಸಬಾರದು. ಗಿರಾಕಿಗಳು ಅಪಶಕುನ ಎನ್ನುತ್ತಿದ್ದರು. ‘ಕೊಡ ಬಿದ್ದ ಮ್ಯಾಲೆ ಗರಡಿ ಕೇಳ್ಕೋತ ಊರ ತುಂಬ ಅಡ್ಡಾಡೋದು ನನಗ ಆಗೂದಿಲ್ಲ’ ಎಂದು ಅವರು ಕೂತುಬಿಡುತ್ತಿದ್ದರು. ಸಾಮಾನು ಬಂದೇ ಬರುತ್ತಿತ್ತು.

ಇನ್ನೊಂದು ಪದ್ಧತಿ ಅವರ ಊರಿನದು. ಓಣಿಗೆಲ್ಲ ಇದ್ದದ್ದು ಅವರ ಮನೆಯ ಗರಡಿ ಒಂದೇ. ಯಾರದಾದರೂ ಕೊಡ ಬಾವಿಗೆ ಬಿದ್ದರೆ ಕೇಳಲು ಬರುತ್ತಿದ್ದರು. ಬಂದವರು ಒಂದು ಪಾತ್ರೆ ಒತ್ತೆ ಇಟ್ಟು ಗರಡಿ ಒಯ್ಯಬೇಕು. ತೂತು ಬಿದ್ದ ಪಾತ್ರೆ ತಂದರೆ ಇವರ ಅವ್ವ ವಾಪಸು ಕಳಿಸುತ್ತಿದ್ದರು. ದಿನಾ ಒಲೆಯ ಮೇಲೆ ಏರುವಂಥದ್ದೇ ಇಡಬೇಕು. ಆಗ ಅವರು ಗರಡಿಯನ್ನು ಹುಷಾರಾಗಿ ಇಳಿಸುತ್ತಾರೆ, ಕೆಲಸ ಮುಗಿದ ಕೂಡಲೇ ತಂದುಕೊಡುತ್ತಾರೆ.

ಅಕ್ಕೋರು ಇದನ್ನು ಬಾಣೇರಕ್ಕೆ ತಂದರು. ಟೂಲು ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂದು ಯೋಜನೆಯಲ್ಲಿ ಬರೆದಿರುತ್ತದೆ. ಅದಕ್ಕಿಂತ ಹೆಚ್ಚು ನಿಲ್ಲಿಸಬೇಕು ಎನ್ನುವವರು ಅವರ ಟೇಬಲ್ಲಿಗೆ ಬಂದು ಒತ್ತೆ ಇಡಬೇಕು. ಟೂಲು ಗೋಡೆ ಬಿಟ್ಟ ಮೇಲೆ ವಾಪಸು. ಒಬ್ಬರು ಆಫೀಸಿನ ಗುರುತಿನ ಚೀಟಿ ಇಡಲು ಹೋದರು. ‘ಇದು ಹೋದ್ರ ನಿನಗ ಹೊಸಾದು ಕೊಡ್ತಾರ. ಹೋದ್ರ ಹೊಟ್ಟಿ ಉರಿಯುವಂಥಾದ್ದು ಇಡು’ ಎಂದರು. ಮತ್ತೊಬ್ಬರು ಹೊಸ ಫೋನು ಇಟ್ಟು ಹೋದರು. ಸ್ವಲ್ಪ ಹೊತ್ತಿಗೆ ತಾವೇ ಬಂದು, ‘ಇಷ್ಟ ಸಾಕು, ಟೂಲ್ ಬಿಡಿಸ್ರಿ’ ಎಂದು ಕೈ ಚಾಚಿದರು. ನಾನು ಒಮ್ಮೆ ಊಟದ ಡಬ್ಬಿ ಇಟ್ಟಿದ್ದೆ. ಕೆಲಸ ಮುಗಿಯುವ ಹೊತ್ತಿಗೆ ಡಬ್ಬಿ ಖಾಲಿಯಾಗಿತ್ತು. ‘ಬದನಿಕಾಯಿ ಚಲೋ ಆಗಿತ್ತು. ಒತ್ತಿ ಇಟ್ಟ ಪಾತ್ರಿ ತೊಳದ ಕೊಡೋದು ನಮ್ಮ ಪದ್ಧತಿ’ ಎಂದು ತೊಳೆದ ಡಬ್ಬಿ ಕೊಟ್ಟರು. ಆ ದಿನ ನಾನು ಕ್ಯಾಂಟೀನಿನ ಒಣ ಪೋಹೆ ತಿಂದು ಅವರನ್ನು ಮನಸಾರೆ ಶಪಿಸಿದೆ. ಆದರೆ ಆಮೇಲೆ, ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸೋಣ ಎನ್ನುವ ಮಾತು ನನ್ನ ಬಾಯಿಂದ ಸುಲಭಕ್ಕೆ ಬರುತ್ತಿರಲಿಲ್ಲ.

ಟೂಲು ಸುರಕ್ಷಿತವಾಗಿ ಮೇಲೆ ಬಂದ ಕೂಡಲೇ ಅವರು ಎದ್ದು ನಿಂತು ‘ಕೊಡ ಬಂತು’ ಎಂದು ಸಾರುತ್ತಿದ್ದರು. ಅದನ್ನು ಕೇಳಿ ಕೇಳಿ ರಿಗ್ಗುಗಳಲ್ಲಿದ್ದವರೂ ಕಲಿತರು. ಕನ್ನಡದ ಬೇರೆ ಒಂದಕ್ಷರ ಬಾರದ ಪಂಜಾಬಿನವರು, ಬಂಗಾಳದವರು, ಕೆಲಸ ಮುಗಿದಾಗ ಫೋನಿನಲ್ಲಿ ‘ಮ್ಯಾಡಮ್, ಕೊಡ ಬಂತು’ ಎನ್ನುತ್ತಿದ್ದರು.

ಅವರ ನಿವೃತ್ತಿಗೆ ಇನ್ನು ಕೆಲವೇ ದಿನ ಉಳಿದಿದ್ದವು. ಪೂರ್ವ ಕರಾವಳಿಯ ಕಡೆಯ ಒಂದು ಬಾವಿಯ ಕೆಲಸ ಬಂತು. ಬಾವಿಯ ಒಡೆತನದ ಕಂಪನಿಯಿಂದ ಭೂವಿಜ್ಞಾನಿಯೊಬ್ಬರು ನಮ್ಮ ಪರದೆಯ ಮುಂದೆಯೇ ಕೂರುತ್ತೇನೆಂದು ಪುಣೆಗೆ ಬಂದರು. ತೆಳ್ಳಗಿನ, ಮೆದು ಮಾತಿನ ಮರಾಠಿ ಗೃಹಸ್ಥರು. ಅಲ್ಲಿ ಎಣ್ಣೆ ಇದೆ ಎಂದು ವರ್ಷಗಟ್ಟಲೆ ಕಂಪನಿಯ ಬೆನ್ನು ಹತ್ತಿ, ಅಕ್ಕಪಕ್ಕದ ಬಾವಿಗಳೆಲ್ಲ ಒಣಗಿದ್ದರೂ ಹಟ ಹಿಡಿದು ಈ ಬಾವಿ ಕೊರೆಸಿದ್ದರು. ಕಂಪನಿಯವರು ಕಡೆಯ ಮಾತು ಹೇಳಿಬಿಟ್ಟಿದ್ದರು: ಬಾಟಲಿಯಲ್ಲಿ ಒಳ್ಳೆಯ ಎಣ್ಣೆ ಬಂದರೆ ಮುಂದಿನ ಕೆಲಸ, ಇಲ್ಲದಿದ್ದರೆ ಬಾವಿಗೆ ಸಿಮೆಂಟು ತುಂಬಿ ಎದ್ದು ಬರುವುದು. ಈ ಗೃಹಸ್ಥರ ಕೊರಳಲ್ಲಿ ಕಲ್ಲು ನೋಡುವ ಒಂದು ಸಣ್ಣ ಭೂತಗನ್ನಡಿ ದಾರಕ್ಕೆ ಕಟ್ಟಿ ತೂಗುತ್ತಿತ್ತು. ಮಾತಾಡುವಾಗೆಲ್ಲ ಅದನ್ನು ಬೆರಳಲ್ಲಿ ಹೊರಳಿಸುತ್ತಿದ್ದರು.

ಬೆಳಿಗ್ಗೆ ಟೂಲು ಗೋಡೆಗೆ ಬಾಯಿ ಹಚ್ಚಿತು. ಮೊದಲು ಬಂದದ್ದು ಕೆಸರಿನ ನೀರು. ಆಮೇಲೆ ಅದರಲ್ಲಿ ಎಣ್ಣೆ ಬೆರೆತು ಬರತೊಡಗಿತು, ನಿಧಾನವಾಗಿ ಎಣ್ಣೆಯ ಪಾಲು ಹೆಚ್ಚಿತು. ಇನ್ನೇನು ಶುದ್ಧ ಎಣ್ಣೆ ಬರುತ್ತದೆ ಎನ್ನುವಾಗ ಯೋಜನೆಯ ಹೊತ್ತು ಮುಗಿಯಿತು. ಬೆರಕೆ ಎಣ್ಣೆ ತುಂಬಿಕೊಂಡು ಬಂದರೆ ಕಂಪನಿಯವರು ಒಪ್ಪುವುದಿಲ್ಲ. ಭೂವಿಜ್ಞಾನಿಗಳು ಅಕ್ಕೋರ ಕಡೆ ತಿರುಗಿ ‘ಅಜೂನ ಥೋಡಾ ವೇಳ, ಮ್ಯಾಡಮ್’ ಎಂದು ಇನ್ನೂ ಸ್ವಲ್ಪ ಹೊತ್ತು ಕೇಳಿದರು. ಅಕ್ಕೋರು ಅಂಗೈ ಚಾಚಿದರು. ನಾನು ಪದ್ಧತಿ ವಿವರಿಸಿದೆ. ಅವರು ನಗಲಿಲ್ಲ. ಕೊರಳಿನ ದಾರ ತೆಗೆದು ಭೂತಗನ್ನಡಿಯನ್ನು ಟೇಬಲ್ಲಿನ ಮೇಲಿಟ್ಟು, ಕಾಲೇಜಿನ ದಿನಗಳಿಂದ ಇದು ತಮ್ಮ ಮೈಮೇಲೇ ಇದೆ ಎಂದರು. ಅಕ್ಕೋರು ಹೆಚ್ಚಿನ ಹೊತ್ತು ಕೊಟ್ಟರು.

ಆ ಹೆಚ್ಚಿನ ಹೊತ್ತಿನಲ್ಲೇ ರಿಗ್ಗಿನ ವಿಂಚು, ಅಂದರೆ ಕೇಬಲ್ಲು ಸುತ್ತುವ ಯಂತ್ರ, ಬಿಸಿಯಾಗಿ ನಿಂತಿತು. ಅದು ಮತ್ತೆ ಶುರುವಾಗುವ ತನಕ ತೊಟ್ಟಿಲು ತೂಗುವುದು ನಿಂತಿತು. ಅಷ್ಟರಲ್ಲಿ ಬಾಟಲಿಗಳೇನೋ ತುಂಬಿದವು, ಒಳ್ಳೆಯ ಎಣ್ಣೆಯೇ ತುಂಬಿತು. ಬಾಯಿ ಮುಚ್ಚಿ ಮೇಲೆ ಎಳೆಯಿರಿ ಎಂದರು ಅಕ್ಕೋರು. ಎಳೆದರು. ಬರಲಿಲ್ಲ.

ಪರದೆಯ ಮೇಲೆ ಎರಡು ಅಂಕಿಗಳಿರುತ್ತವೆ. ಒಂದು, ಮೇಲೆ ಎಷ್ಟು ಬಲದಿಂದ ಎಳೆಯುತ್ತಿದ್ದೇವೆ ಎಂಬುದು. ಇನ್ನೊಂದು, ಅದರಲ್ಲಿ ಎಷ್ಟು ಕೆಳಗಿನ ಟೂಲಿನ ತಲೆಗೆ ಮುಟ್ಟುತ್ತಿದೆ ಎಂಬುದು. ಮೇಲಿನದು ಏರುತ್ತಲೇ ಹೋಯಿತು, ಕೆಳಗಿನದು ಅಲುಗಲಿಲ್ಲ. ‘ಟೂಲ ಗ್ವಾಡಿ ಬಿಟ್ಟದ. ಹಿಡಕೊಂಡದ್ದು ನಡುವಿನ ಕೇಬಲ್’ ಎಂದರು ಅಕ್ಕೋರು. ಅಪಾಯವಿಲ್ಲದಷ್ಟು ಎಳೆದು ಹಾಗೇ ಹಿಡಿಸಿದರು. ಒಮ್ಮೊಮ್ಮೆ ಹಾಗೆ ಹಿಡಿದು ಕಾದರೆ ತಾನೇ ಬಿಡುತ್ತದೆ. ಊಟದ ಹೊತ್ತು ಹೋಯಿತು, ಚಹಾದ ಹೊತ್ತು ಬಂತು. ಬಿಡಲಿಲ್ಲ.

ಭೂವಿಜ್ಞಾನಿಗಳು ಇನ್ನೂ ಸ್ವಲ್ಪ ಜೋರಾಗಿ ಎಳೆಯಿರಿ ಎಂದರು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸಿತ್ತು. ಬಂದರೂ ಬಂದೀತು. ಬಂದರೆ ಅಕ್ಕೋರ ಮಾತು ಉಳಿಯುತ್ತದೆ, ಗರಡಿ ಇಳಿಯದೆಯೇ ನಿವೃತ್ತರಾಗುತ್ತಾರೆ. ಆದರೆ ಎಳೆತಕ್ಕೆ ಕೇಬಲ್ಲು ತನಗೆ ಬೇಕಾದ ಕಡೆ ತುಂಡಾದರೆ, ಅಷ್ಟುದ್ದದ ತಂತಿ ಬಾವಿಯೊಳಗೆ ಶಾವಿಗೆಯಂತೆ ಕುಸಿದು ಟೂಲಿನ ಮೇಲೆ ಕೂರುತ್ತದೆ. ಆಗ ಯಾವ ಗರಡಿಯೂ ಕೆಲಸಕ್ಕೆ ಬರುವುದಿಲ್ಲ. ಇದಕ್ಕೆ ಬೇರೊಂದು ದಾರಿ ಇದೆ. ಕೇಬಲ್ಲನ್ನು ಕೆಳಗೆ ಬೀಳದಂತೆ ಹಿಡಿದುಕೊಂಡು ಮೇಲೆಯೇ, ಬೇಕೆಂದೇ ಕತ್ತರಿಸುವುದು. ಮಣಿ ಪೋಣಿಸುವಂತೆ ಅದರ ಸುತ್ತ ಒಂದೊಂದೇ ಉಕ್ಕಿನ ಪೈಪು ಇಳಿಸುತ್ತ ಹೋಗುವುದು. ಪೈಪು ಗೋಡೆಗಂಟಿದ ಕೇಬಲ್ಲನ್ನು ಬಿಡಿಸುತ್ತ, ಅದೇ ದಾರಿ ಹಿಡಿದು ಕೆಳಗೆ ಹೋಗಿ, ತುದಿಯ ಹಿಡಿಕೆಯಿಂದ ಟೂಲಿನ ತಲೆ ಹಿಡಿಯುತ್ತದೆ. ಅದೇ ನಮ್ಮ ಧಂದಾದ ಪಾತಾಳಗರಡಿ. ಅದರ ಸಾಮಾನೆಲ್ಲ, ಅಕ್ಕೋರ ಶರತ್ತಿನಂತೆ, ಅಳತೆ ನೋಡಿಸಿಕೊಂಡು ರಿಗ್ಗಿನಲ್ಲಿ ಬಿದ್ದಿತ್ತು.

ಅಕ್ಕೋರು ಎರಡೂ ಅಂಗೈಗಳನ್ನು ಟೇಬಲ್ಲಿನ ಮೇಲೂರಿದರು. ಒಮ್ಮೆ ಹಿಂದೆ ತಿರುಗಿ ಗೋಡೆಯ ಗರಡಿ ನೋಡಿದರು. ನಂತರ ಸ್ಪೀಕರಿನ ಗುಂಡಿ ಒತ್ತಿ, ಕೇಬಲ್ ಕತ್ತರಿಸಿರಿ ಎಂದರು. ರಿಗ್ಗಿನಲ್ಲಿದ್ದ ಎಂಜಿನಿಯರು ಅಸ್ಸಾಮಿನವರು. ತಾವು ಕೇಳಿದ್ದು ಸರಿಯೋ ಎಂದು ನೋಡಲು ‘ಕಟ್, ಮ್ಯಾಡಮ್?’ ಎಂದರು. ‘ಕಟ್’ ಎಂದರು ಅಕ್ಕೋರು. ಗೋಡೆಯ ಮೇಲಿನ ಗೆರೆಗಳೆಲ್ಲ ನಿಂತವು. ಕೇಬಲ್ಲಿಲ್ಲದೆ ಕೆಳಗಿನ ಸುದ್ದಿ ಬರುವಂತಿರಲಿಲ್ಲ.

ಆ ಖಾಲಿ ಪರದೆ ನೋಡುವುದು ನನ್ನಿಂದ ಆಗಲಿಲ್ಲ. ಏನಾದರೂ ಮಾತಾಡಬೇಕೆಂದು, ‘ಅಕ್ಕೋರ, ಎಲ್ಲಾರ ಕಡೆ ಒತ್ತಿ ಇಡಿಸ್ಕೊಂಡ್ರಿ. ನೀವೇನ ಇಟ್ಟ್ರಿ?’ ಎಂದೆ.

‘ಹೊತ್ತು ಹೆಚ್ಚಿಗಿ ಕೊಟ್ಟಾಕಿ ನಾನ ಅಲ್ಲೇನು’ ಎಂದರು. ‘ಕೆಲಸಕ್ಕ ಸೇರಿದಾಗಿಂದ ನನ್ನ ಬಾವ್ಯಾಗ ಗರಡಿ ಇಳಿದಿಲ್ಲ ಅಂತ ಹೇಳ್ಕೋತ ಬಂದೀನಿ. ಅದನ್ನ ಇಟ್ಟೆ. ಅದಕ್ಕಿಂತ ಹೊಟ್ಟಿ ಉರಿಯುವಂಥಾದ್ದು ನನ್ನ ಕಡೆ ಇಲ್ಲ.’ ಆಮೇಲೆ ಚೀಲದಿಂದ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಭೂವಿಜ್ಞಾನಿಗಳ ಮುಂದಿಟ್ಟು ‘ಜೇವಾ’ ಎಂದು ಉಣ್ಣಲು ಹೇಳಿದರು. ಆ ಮನುಷ್ಯ ಖಾಲಿ ಕೊರಳಿಗೆ ಮತ್ತೆ ಮತ್ತೆ ಕೈ ಒಯ್ಯುತ್ತ, ಹಿಡಿಯಲು ಏನೂ ಸಿಗದೆ, ರೊಟ್ಟಿ ಮುರಿದರು. ಅವರಿಬ್ಬರನ್ನೂ ನೋಡಿ ನನಗೆ ಬಹಳ ಸಂಕಟವಾಯಿತು. ಇಷ್ಟು ವರ್ಷ ಆ ಜಂಬವನ್ನು ಅಣಕಿಸಿದ ನನಗೇ ಅದು ಹೋದದ್ದು ನನ್ನದೇ ಏನೋ ಹೋದಂತಿತ್ತು.

ಮರುದಿನವಿಡೀ ಪೈಪು ಇಳಿಯಿತು. ಫೋನಿನಲ್ಲಿ ಆಗೊಮ್ಮೆ ಈಗೊಮ್ಮೆ ‘ಹೋಗುತ್ತಿದೆ’ ಎಂಬ ಒಂದು ಮಾತು. ಅದರ ಮಾರನೆಯ ಬೆಳಿಗ್ಗೆ ನಾನು ಆಫೀಸಿಗೆ ಬಂದಾಗ ಇಬ್ಬರೂ ಆಗಲೇ ಬಂದು ಕೂತಿದ್ದರು. ಪೈಪು ಟೂಲಿನ ತಲೆ ಹಿಡಿದಿದೆ, ಮೇಲೆ ಎಳೆಯುತ್ತಿದ್ದಾರೆ ಎಂದು ಅಕ್ಕೋರು ಹೇಳಿದರು. ನಿಜವಾಗಿ ಹಿಡಿದಿದೆಯೋ, ನಡುದಾರಿಯಲ್ಲಿ ಜಾರುತ್ತದೆಯೋ, ಮೇಲೆ ಬರುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಬೇರೆ ವಿಭಾಗದವರೂ ಒಬ್ಬೊಬ್ಬರೇ ಬಂದು ಗೋಡೆಗೊರಗಿ ನಿಂತರು. ಸ್ಪೀಕರಿನಲ್ಲಿ ರಿಗ್ಗಿನ ಗದ್ದಲ, ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು. ಬಹಳ ಹೊತ್ತಿನ ಮೇಲೆ ಅಸ್ಸಾಮಿನ ಎಂಜಿನಿಯರ ದನಿ ಬಂತು.

‘ಮ್ಯಾಡಮ್, ಕೊಡ ಬಂತು.’

ಕೋಣೆ ಕೂಗಾಡಿತು. ನಾನು ಯಾರನ್ನು ತಬ್ಬಿಕೊಂಡೆನೋ ನೆನಪಿಲ್ಲ. ಸ್ಪೀಕರಿನಲ್ಲಿ ಆ ಎಂಜಿನಿಯರು, ಬಾಟಲಿ ಒಂದೂ ಸೋರಿಲ್ಲ, ಒಂದನ್ನು ತೆರೆದು ನೋಡಿದೆವು, ಜೇನಿನ ಬಣ್ಣದ ಎಣ್ಣೆ ಎಂದು ಕೂಗಿ ಹೇಳುತ್ತಿದ್ದರು. ಭೂವಿಜ್ಞಾನಿಗಳು ಕುರ್ಚಿಯಲ್ಲಿ ಕೂತೇ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅಕ್ಕೋರು ಮಾತ್ರ ಎದ್ದು ನಳದ ಕಡೆ ಹೋದರು. ಭೂತಗನ್ನಡಿಯನ್ನು ತೊಳೆದು, ಸೆರಗಿನಿಂದ ಒರೆಸಿ ತಂದು ಅವರ ಕೊರಳಿಗೆ ತಾವೇ ಹಾಕಿದರು. ಆ ಬಾವಿಗೆ ಸಿಮೆಂಟು ತುಂಬಲಿಲ್ಲ.

ಅವರ ಜಂಬ ಮುರಿಯಿತು ಎಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿಕೊಂಡು, ತೆಂಗಿನಕಾಯಿ ಹಿಡಿದುಕೊಂಡು ಅವರು ಮಾತಾಡಿದ್ದೆಲ್ಲ ಆ ಒಂದೇ ಬಾವಿಯ ಮೇಲೆ. ‘ಬಾವ್ಯಾಗ ಸಿಕ್ಕಿಬೀಳಲಾರದ್ದನ್ನ ಯಾರರ ತರ್ತಾರ. ನಾ ಸಿಕ್ಕಿಬಿದ್ದದ್ದನ್ನ ತಂದೀನಿ’ ಎಂದರು. ಹಿಂದೆ ಕೂತಿದ್ದ ನಾವು ತುಟಿ ಆಡಿಸಿ ಅಣಕಿಸಲು ಹೋದೆವು, ಈ ಹೊಸ ಸಾಲು ನಮಗಿನ್ನೂ ಬಾಯಿಪಾಠವಾಗಿರಲಿಲ್ಲ.

ಎಲ್ಲ ಮುಗಿದ ಮೇಲೆ ಅವರು ಗೋಡೆಯಿಂದ ಗರಡಿ ತೆಗೆದು ನನ್ನ ಕೈಗೆ ಕೊಟ್ಟರು. ಇನ್ನು ಮುಂದೆ ಆ ಟೇಬಲ್ಲಿನಲ್ಲಿ ಕೂತು ಹೂಂ ಅಥವಾ ಬೇಡ ಎನ್ನಬೇಕಾದವನು ನಾನು. ಕಬ್ಬಿಣ ತಣ್ಣಗಿತ್ತು, ಭಾರವಾಗಿತ್ತು. ನನ್ನ ಕಣ್ಣು ತುಂಬಿತು. ಬಗ್ಗಿ ಕಾಲು ಮುಟ್ಟಿ ಎದ್ದರೆ, ಅವರ ಅಂಗೈ ನನ್ನ ಮುಂದೆ ಚಾಚಿತ್ತು.

‘ಒತ್ತಿ?’

‘ಅಕ್ಕೋರ, ಇದು ಕಾಣಿಕಿ ಅಲ್ಲೇನ್ರಿ?’

‘ಕಾಣಿಕಿ ಅಂತ ಯಾರಂದ್ರು? ನಮ್ಮವ್ವನ ಗರಡಿ. ಕಡಾ ಒಯ್ಲಿಕತ್ತಿ, ಒತ್ತಿ ಇಡು.’

ನಾನು ಪೆನ್ನು ತೆಗೆದೆ. ಅವರು ನೋಡಲೂ ಇಲ್ಲ. ಊಟದ ಡಬ್ಬಿ ತೆಗೆದೆ. ‘ಅದರಾಗಿಂದು ಒಮ್ಮೆ ತಿಂದೀನಿ’ ಎಂದರು. ಕಡೆಗೆ ಹೋದ ದೀಪಾವಳಿಗೆ ಕೊಂಡ ಸ್ಕೂಟರಿನ ಕೀಲಿ ತೆಗೆದು ಕೊಟ್ಟೆ. ಅವರು ಅದನ್ನು ಮುಷ್ಟಿಯಲ್ಲಿ ಮುಚ್ಚಿ, ‘ಎಂದರ ನಿನ್ನ ಟೂಲ್ ಸಿಕ್ಕಿಬಿದ್ದು, ಗರಡಿ ಇಳಿಸಿ, ಅದನ್ನ ಮ್ಯಾಲೆ ತಂದ ದಿವಸ ಬಂದು ಒಯ್ಯಿ ತಮ್ಮಾ’ ಎಂದರು. ನಂತರ ಹೆಗಲ ಮೇಲೆ ಶಾಲು ಹಾಗೇ ಇರಲು ಸ್ಕೂಟರ್ ಹತ್ತಿ, ತೆಂಗಿನಕಾಯಿ ಮುಂದಿಟ್ಟುಕೊಂಡು, ಗೇಟಿನ ವಾಚಮನ್ ಸಲ್ಯೂಟ್ ಹೊಡೆಯುತ್ತಿದ್ದಂತೆ ಕೋಥರೂಡದ ಕಡೆ ಹೊರಟುಹೋದರು.

ಹೋದ ವಾರ ನನ್ನ ಹೊಣೆಯ ಮೊದಲ ಬಾವಿಯ ಕೆಲಸ ನಡೆಯಿತು. ಇನ್ನೂ ಸ್ವಲ್ಪ ಹೊತ್ತು ಬೇಕು ಎಂದು ಒಬ್ಬರು ಟೇಬಲ್ಲಿಗೆ ಬಂದರು. ನಾನು ಅಂಗೈ ಚಾಚಿದೆ. ಅವರು ಸ್ವಲ್ಪ ಯೋಚಿಸಿ, ಇದ್ದಷ್ಟೇ ಸಾಕು ಎಂದು ವಾಪಸು ಹೋದರು. ಸಂಜೆಗೆ ಟೂಲು ಮೇಲೆ ಬಂತು. ನಾನು ಕೂಡಲೇ ಫೋನು ಮಾಡಿದೆ.

‘ಅಕ್ಕೋರ, ಕೊಡ ಬಂತು.’

‘ಎಲ್ಯರ ಹಿಡಕೊಂಡಿತ್ತೇನು?’

‘ಇಲ್ರಿ. ಸರಳ ಬಂತು.’

‘ಹಂಗಾದ್ರ ಬಸ್ಸಿನ್ಯಾಗ ಬಾ’ ಎಂದು ಫೋನಿಟ್ಟರು. ಇಡುವ ಮೊದಲು ಆ ನಗು ಕೇಳಿಸಿತು.

ಆ ಸ್ಕೂಟರ್ ವಾಪಸು ಬರಬೇಕಾದರೆ ನನ್ನ ಟೂಲು ಒಮ್ಮೆಯಾದರೂ ಬಾವಿಯಲ್ಲಿ ಸಿಕ್ಕಿಬೀಳಬೇಕು. ನಾನೂ ನಿವೃತ್ತನಾಗುವ ತನಕ ಆ ಕೀಲಿ ನನ್ನ ಕೈಗೆ ಬಾರದಿರಲಿ ಎಂದು ನಾನು ಹಟ ಹಿಡಿದಿದ್ದೇನೆ. ಆ ಫೋನಿನ ಮರುದಿನ ಬೆಳಿಗ್ಗೆ ಹೋಗಿ ಬಸ್ಸಿನ ಪಾಸು ಮಾಡಿಸಿಕೊಂಡೆ.